ಕಾರ್ಡ್ ಸಾಲ ಇಟ್ಟುಕೊಂಡು ಎಸ್‌ಐಪಿ ಕಟ್ಟುತ್ತಿದ್ದ ಹುಡುಗಿ

(ಹೆಸರು, ಊರು, ಕೆಲಸದ ವಿವರ ಬದಲಿಸಿದ್ದೇನೆ. ಲೆಕ್ಕ ಸುಲಭವಾಗಲಿ ಅಂತ ಮೊತ್ತಗಳನ್ನು ಹತ್ತಿರದ ಅಂಕಿಗೆ ತಂದಿದ್ದೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.)

ಶ್ವೇತಾ ನನ್ನ ಹತ್ತಿರ ಆಪ್ತಸಲಹೆಗೆ ಬಂದಿದ್ದು ದುಡ್ಡಿನ ವಿಷಯಕ್ಕಲ್ಲ, ನಿದ್ದೆ ಬರುವುದಿಲ್ಲ ಅಂತ. ವಯಸ್ಸು 27. ತಿಪಟೂರು ಕಡೆಯವರು. ನಾಗರಬಾವಿಯಲ್ಲಿ ಗೆಳತಿಯ ಜೊತೆ ಬಾಡಿಗೆ ಮನೆ, ಖಾಸಗಿ ಕಂಪನಿಯಲ್ಲಿ ಕೆಲಸ, ಕೈಗೆ ಬರುವ ಸಂಬಳ 36 ಸಾವಿರ. ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಮತ್ತೆ ಕಣ್ಣು ಮುಚ್ಚುವುದಿಲ್ಲ. ಯಾವ ದಿನ ಜಾಸ್ತಿ ಆಗುತ್ತದೆ ಅಂತ ಬರೆದಿಟ್ಟುಕೊಳ್ಳಿ ಎಂದೆ. ಮುಂದಿನ ಸಲ ಬರೆದು ತಂದರು. ಪ್ರತಿ ತಿಂಗಳು 15ರಿಂದ 20ರವರೆಗೆ ನಿದ್ದೆಯೇ ಇಲ್ಲ. ಆಮೇಲೆ ಪರವಾಗಿಲ್ಲ.

ಆ ದಿನಗಳಲ್ಲಿ ಏನಿದೆ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, '18ಕ್ಕೆ ಕ್ರೆಡಿಟ್ ಕಾರ್ಡ್ ಬಿಲ್ ಮೇಡಂ' ಎಂದರು.

ಉಸಿರಾಟದ ಅಭ್ಯಾಸ ಹೇಳಿಕೊಟ್ಟೆ, ಅದೂ ಬೇಕು. ಆದರೆ 18ನೇ ತಾರೀಖು ಉಸಿರಾಟಕ್ಕೆ ಬಗ್ಗುವಂಥದ್ದಲ್ಲ. ಬಿಲ್ ತನ್ನಿ, ಕೂತು ನೋಡೋಣ ಎಂದೆ.

ಸಾಲ ಶುರುವಾಗಿದ್ದು ಮನೆ ಮಾಡಿದಾಗ. ಪಿಜಿ ಊಟ ಸಾಕಾಗಿ ಇಬ್ಬರೂ ಸೇರಿ 16 ಸಾವಿರ ಬಾಡಿಗೆಯ ಮನೆ ಹಿಡಿದರು. ಬೆಂಗಳೂರಿನ ಹಳೇ ಪದ್ಧತಿಯಂತೆ ಓನರ್ ಹತ್ತು ತಿಂಗಳ ಅಡ್ವಾನ್ಸ್ ಕೇಳಿದರು. ಶ್ವೇತಾ ಪಾಲಿಗೆ 80 ಸಾವಿರ. ಅಲ್ಲಿಯವರೆಗೆ ಉಳಿಸಿದ್ದೆಲ್ಲ ಅಲ್ಲೇ ಖಾಲಿ. ಆ ದುಡ್ಡು ಮನೆ ಬಿಡುವವರೆಗೂ ಒಂದು ಪೈಸೆ ಬಡ್ಡಿ ಇಲ್ಲದೆ ಓನರ್ ಹತ್ತಿರ ಇರುತ್ತದೆ, ವಾಪಸ್ ಬರುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಮುರಿದುಕೊಂಡೇ ಬರುತ್ತದೆ. ಚೌಕಾಸಿ ಮಾಡಿದರೆ ಐದಾರು ತಿಂಗಳಿಗೆ ಒಪ್ಪುವ ಓನರ್‌ಗಳೂ ಇದ್ದಾರೆ, ಕೇಳುವುದಕ್ಕೆ ನಮ್ಮ ಹುಡುಗರಿಗೆ ಸಂಕೋಚ. ಇರಲಿ. ಕೈ ಖಾಲಿ ಆದಮೇಲೆ ಫ್ರಿಜ್, ವಾಷಿಂಗ್ ಮೆಷಿನ್, ಮಂಚ ಎಲ್ಲ ಕಾರ್ಡ್ ಮೇಲೆ ಬಂದವು. ಹಿಂದೆಯೇ ಒಂದು ಫೋನ್. ನನ್ನ ಮುಂದೆ ಬಿಲ್ ಇಟ್ಟಾಗ ಬಾಕಿ 1,20,000.

ವಿಚಿತ್ರ ಏನೆಂದರೆ ಶ್ವೇತಾ ಬೇಜವಾಬ್ದಾರಿ ಹುಡುಗಿ ಅಲ್ಲವೇ ಅಲ್ಲ. ಒಂದು ತಿಂಗಳೂ ಕಂತು ತಪ್ಪಿಸಿಲ್ಲ. ಮಿನಿಮಮ್ ಡ್ಯೂ, ಅಂದರೆ ಆ ತಿಂಗಳು ಕಟ್ಟಲೇಬೇಕಾದ ಕನಿಷ್ಠ ಮೊತ್ತ, ಎಷ್ಟು ತೋರಿಸುತ್ತದೋ ಅಷ್ಟು ಕಟ್ಟುತ್ತಾರೆ, ಸುಮಾರು 6 ಸಾವಿರ. ಅದರ ಜೊತೆಗೆ ಷೇರುಪೇಟೆಯಲ್ಲಿ ದುಡ್ಡು ಹೂಡುವ ಮ್ಯೂಚುವಲ್ ಫಂಡ್‌ನಲ್ಲಿ ತಿಂಗಳಿಗೆ 3 ಸಾವಿರದ ಎಸ್‌ಐಪಿ (ಪ್ರತಿ ತಿಂಗಳು ಕಟ್ಟುವ ಹೂಡಿಕೆ), ಬ್ಯಾಂಕಿನಲ್ಲಿ 2 ಸಾವಿರದ ಆರ್‌ಡಿ (ತಿಂಗಳ ಕಂತಿನ ಠೇವಣಿ). ಊರಿಗೆ 5 ಸಾವಿರ. 'ಚಕ್ರಬಡ್ಡಿ ಲಾಭ ಬೇಕು ಅಂದ್ರೆ ಬೇಗ ಶುರು ಮಾಡ್ಬೇಕು ಅಂತಾರಲ್ವಾ ಮೇಡಂ, ಅದಕ್ಕೇ ಎಷ್ಟೇ ಕಷ್ಟ ಆದ್ರೂ ಎಸ್‌ಐಪಿ ನಿಲ್ಲಿಸಿಲ್ಲ' ಎಂದರು. ಆ ಮಾತಿನಲ್ಲಿ ಹೆಮ್ಮೆ ಇತ್ತು. ಸಾಲದ ಬಗ್ಗೆ ಎಷ್ಟು ನಾಚಿಕೆಯೋ, ಉಳಿತಾಯದ ಬಗ್ಗೆ ಅಷ್ಟು ಸಮಾಧಾನ. ಒಂದನ್ನು ತೋರಿಸಿಕೊಂಡು ಇನ್ನೊಂದನ್ನು ಮರೆಯುತ್ತಿದ್ದರು.

ಬಿಲ್ಲಿನ ಎರಡನೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಬಡ್ಡಿ ದರ ಇತ್ತು. ತಿಂಗಳಿಗೆ ಶೇ 3.5. ಅವರು ಅದನ್ನು ನೋಡಿದ್ದರು. ಮೂರೂವರೆ ಅಂದರೆ ಬಹಳ ಕಡಿಮೆ ಅನ್ನಿಸಿತ್ತಂತೆ, ಬ್ಯಾಂಕಿನ ನಿಶ್ಚಿತ ಠೇವಣಿ ಎಫ್‌ಡಿಗೇ ಏಳು ಕೊಡುತ್ತಾರಲ್ಲ ಅಂತ. ಎಫ್‌ಡಿಯ ಏಳು ವರ್ಷದ್ದು, ಕಾರ್ಡಿನ ಮೂರೂವರೆ ತಿಂಗಳದ್ದು.

ಶ್ವೇತಾ ಅಮ್ಮ ಊರಿನಲ್ಲಿ ಸ್ತ್ರೀಶಕ್ತಿ ಸಂಘದ ಲೆಕ್ಕ ನೋಡಿಕೊಳ್ಳುತ್ತಾರೆ ಅಂತ ಮೊದಲೇ ಹೇಳಿದ್ದರು. ಅದನ್ನೇ ಹಿಡಿದುಕೊಂಡೆ.

'ಸಂಘದಲ್ಲಿ ಎಷ್ಟು ಬಡ್ಡಿಗೆ ಕೊಡ್ತಾರೆ ನಿಮ್ಮಮ್ಮ?'

'ಒಂದು ರೂಪಾಯಿ ಬಡ್ಡಿ ಮೇಡಂ.' ಅಂದರೆ ನೂರು ರೂಪಾಯಿಗೆ ತಿಂಗಳಿಗೆ ಒಂದು.

'ಊರಲ್ಲಿ ಮೂರು ರೂಪಾಯಿ ಬಡ್ಡಿಗೆ ಬಿಡೋರು ಯಾರಾದ್ರೂ ಇದ್ದಾರಾ?'

'ಇದ್ದಾರೆ ಒಬ್ರು. ಅವರ ಹತ್ರ ಹೋದೋರು ಉದ್ಧಾರ ಆಗಲ್ಲ ಅಂತಾರೆ ಅಮ್ಮ.'

'ನಿಮ್ಮ ಕಾರ್ಡು ಎಷ್ಟು ರೂಪಾಯಿ ಬಡ್ಡಿ ಈಗ?'

ಅವರು ಉತ್ತರ ಕೊಡಲಿಲ್ಲ. ಬಿಲ್ ತೆಗೆದುಕೊಂಡು ಆ ಸಾಲನ್ನು ಮತ್ತೆ ಓದಿದರು.

ಆಮೇಲೆ ಇಬ್ಬರೂ ಕ್ಯಾಲ್ಕುಲೇಟರ್ ಹಿಡಿದೆವು. 1,20,000ಕ್ಕೆ ತಿಂಗಳ ಬಡ್ಡಿ 4,200. ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ, 756. ಒಟ್ಟು 4,956. ಅವರು ಕಟ್ಟುತ್ತಿದ್ದ 6 ಸಾವಿರದಲ್ಲಿ ಅಸಲಿಗೆ ಹೋಗುತ್ತಿದ್ದುದು ಬರೀ 1,044. ಅದೂ ಉಳಿಯುತ್ತಿರಲಿಲ್ಲ. ಬಾಡಿಗೆ 8, ಊರಿಗೆ 5, ಕಾರ್ಡಿಗೆ 6, ಎಸ್‌ಐಪಿ ಮತ್ತು ಆರ್‌ಡಿಗೆ 5, ಒಟ್ಟು 24 ಸಾವಿರ ತಿಂಗಳ ಮೊದಲಿಗೇ ಹೋದರೆ ಉಳಿದ 12 ಸಾವಿರದಲ್ಲಿ ಊಟ, ಓಡಾಟ, ಕರೆಂಟು, ಗ್ಯಾಸು, ಮದುವೆ ಮುಂಜಿ. ಇಪ್ಪತ್ತನೇ ತಾರೀಖಿಗೆ ಕೈ ಖಾಲಿ. ಆಗ ದಿನಸಿ ಅಂಗಡಿಯಲ್ಲಿ ಸಾವಿರ, ಒಂದೂವರೆ ಸಾವಿರ ಕಾರ್ಡ್ ಉಜ್ಜುವುದು. ಉಳಿತಾಯ ಮಾಡಿದ್ದಕ್ಕೇ ಸಾಲ ಮಾಡಬೇಕಾಗಿ ಬರುತ್ತಿತ್ತು.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಬಿಲ್ ಪೂರ್ತಿ ಕಟ್ಟುವವರಿಗೆ ಮಾತ್ರ ಆ ನಲವತ್ತು ಐವತ್ತು ದಿನದ ಬಡ್ಡಿ ಇಲ್ಲದ ಅವಧಿ. ಒಂದು ಸಲ ಬಾಕಿ ಉಳಿಸಿದರೆ, ಹೊಸದಾಗಿ ಕೊಂಡ ಅರ್ಧ ಕೆಜಿ ಬೇಳೆಗೂ ಕೊಂಡ ದಿನದಿಂದಲೇ ಬಡ್ಡಿ.

ಕಾರ್ಡಿನ ಬಡ್ಡಿ ವರ್ಷಕ್ಕೆ ಶೇ 42 ಅಂತ ಬಿಲ್ಲಿನಲ್ಲಿ ಇರುತ್ತದೆ. ಏನೂ ಕಟ್ಟದೆ ಬಿಟ್ಟು ಬಡ್ಡಿಗೆ ಬಡ್ಡಿ ಸೇರುತ್ತಾ ಹೋದರೆ ಅದು ವರ್ಷಕ್ಕೆ 51 ದಾಟುತ್ತದೆ, ಜಿಎಸ್‌ಟಿ ಮತ್ತು ದಂಡ ಬೇರೆ. ಶೇ 7ರ ಎಫ್‌ಡಿಯಲ್ಲಿ ದುಡ್ಡು ಎರಡರಷ್ಟಾಗಲು ಹತ್ತು ವರ್ಷ ಬೇಕು. ತಿಂಗಳಿಗೆ ಮೂರೂವರೆಯಲ್ಲಿ ಸಾಲ ಎರಡರಷ್ಟಾಗಲು ಇಪ್ಪತ್ತು ತಿಂಗಳು ಸಾಕು. ಮಿನಿಮಮ್ ಮಾತ್ರ ಕಟ್ಟಿದರೆ ಸಾಲ ವರ್ಷಗಟ್ಟಲೆ ಎಳೆಯುತ್ತದೆ, ಬಡ್ಡಿಗೆ ಬಡ್ಡಿ ಬೀಳುತ್ತದೆ ಅನ್ನುವ ಎಚ್ಚರಿಕೆಯನ್ನು ಬಿಲ್ಲಿನಲ್ಲೇ ಹಾಕಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮವೂ ಇದೆ. ಶ್ವೇತಾ ಬಿಲ್ಲಿನಲ್ಲೂ ಅದು ಇತ್ತು. ಆ್ಯಪ್‌ನಲ್ಲಿ ಬಿಲ್ ಕಟ್ಟುವವರು ಪಿಡಿಎಫ್ ತೆರೆದು ನೋಡುವುದು ಯಾವಾಗ?

ನನ್ನ ಸಲಹೆ ಅವರಿಗೆ ಇಷ್ಟವಾಗಲಿಲ್ಲ. ಎಸ್‌ಐಪಿ ನಿಲ್ಲಿಸಿ, ಅಲ್ಲಿರುವುದನ್ನು ತೆಗೆಯಿರಿ, ಆರ್‌ಡಿ ಮುರಿಯಿರಿ ಎಂದೆ. ಕಣ್ಣಲ್ಲಿ ನೀರು ಬಂತು. ಅದೊಂದೇ ಅವರು ತನ್ನದು ಅಂತ ಕಟ್ಟಿಕೊಂಡಿದ್ದು. ಈ ಕಡೆ ಕೊಡದಲ್ಲಿ ನೀರು ತುಂಬುತ್ತಿದ್ದೀರಿ, ತಳದಲ್ಲಿ ತೂತು ಇದೆ ಎಂದು ಹೇಳಿದರೆ ತಲೆಗೆ ಹೋಗುತ್ತದೆ, ಮನಸ್ಸಿಗೆ ಹೋಗುವುದಿಲ್ಲ. ಹಾಗಾಗಿ ಮತ್ತೆ ಲೆಕ್ಕಕ್ಕೇ ಬಂದೆವು. ಫಂಡ್‌ನಲ್ಲಿದ್ದುದು 43 ಸಾವಿರ. ಒಳ್ಳೆ ವರ್ಷ, ಶೇ 12 ಬಂತು ಅಂದುಕೊಳ್ಳೋಣ (ಬರಲೇಬೇಕು ಅಂತೇನಿಲ್ಲ, ಷೇರುಪೇಟೆ ಕೆಳಗೂ ಹೋಗುತ್ತದೆ). ಗಳಿಕೆ 5,160. ಅದೇ 43 ಸಾವಿರ ಕಾರ್ಡಿನಲ್ಲಿ ಬಾಕಿ ಉಳಿದರೆ, ತಿಂಗಳು ತಿಂಗಳು ಬಡ್ಡಿ ಕಟ್ಟಿಕೊಂಡು ಹೋದರೂ ವರ್ಷಕ್ಕೆ ಜಿಎಸ್‌ಟಿ ಸೇರಿ 21 ಸಾವಿರದ ಮೇಲೆ. ಅಂದರೆ ಎಸ್‌ಐಪಿ ಇಟ್ಟುಕೊಳ್ಳುವುದಕ್ಕೆ ವರ್ಷಕ್ಕೆ 16 ಸಾವಿರ ಖರ್ಚು. ಕಾರ್ಡ್ ಸಾಲ ತೀರಿಸುವುದಕ್ಕಿಂತ ದೊಡ್ಡ ಇನ್ವೆಸ್ಟ್‌ಮೆಂಟ್ ಅವರಿಗೆ ಆವತ್ತು ಇರಲಿಲ್ಲ, ಅದೂ ಯಾವ ರಿಸ್ಕೂ ಇಲ್ಲದ್ದು.

'ಅಷ್ಟೂ ದುಡ್ಡು ಕಾರ್ಡಿಗೇ ಹಾಕಿಬಿಡ್ಲಾ?' ಎಂದರು. ಬೇಡ. ಆರ್‌ಡಿಯ 28 ಸಾವಿರವೂ ಸೇರಿ 71 ಸಾವಿರ ಆಗುತ್ತದೆ. ಅದರಲ್ಲಿ 50 ಕಾರ್ಡಿಗೆ, 21 ಸೇವಿಂಗ್ಸ್ ಖಾತೆಯಲ್ಲಿ. ಕೈಯಲ್ಲಿ ಏನೂ ಇಲ್ಲದಿದ್ದರೆ ಮುಂದಿನ ಹಲ್ಲು ನೋವಿಗೆ ಮತ್ತೆ ಕಾರ್ಡೇ ಗತಿ.

ಉಳಿದ 70 ಸಾವಿರಕ್ಕೆ ಸಂಬಳ ಬರುವ ಬ್ಯಾಂಕಿನಲ್ಲಿ ಪರ್ಸನಲ್ ಲೋನ್ ಕೇಳಿ ಎಂದೆ. ಕಂತು ತಪ್ಪಿಸದೇ ಇದ್ದದ್ದು ಇಲ್ಲಿ ಕೆಲಸಕ್ಕೆ ಬಂತು. ಶೇ 15ಕ್ಕೆ 18 ತಿಂಗಳ ಸಾಲ ಸಿಕ್ಕಿತು. ತಿಂಗಳ ಕಂತು (ಇಎಂಐ) 4,367. ಹದಿನೆಂಟು ತಿಂಗಳಿಗೂ ಸೇರಿ ಬಡ್ಡಿ ಸುಮಾರು 8,600. ಕಾರ್ಡಿನಲ್ಲೇ ಬಿಟ್ಟಿದ್ದರೆ ಅಷ್ಟು ದುಡ್ಡು ಮೂರೇ ತಿಂಗಳಲ್ಲಿ ಹೋಗುತ್ತಿತ್ತು. ಪ್ರೊಸೆಸಿಂಗ್ ಶುಲ್ಕ ಎಷ್ಟು, ಮೊದಲೇ ತೀರಿಸಿದರೆ ದಂಡ ಎಷ್ಟು ಅಂತ ಸಹಿ ಹಾಕುವ ಮುಂಚೆ ಬರೆಸಿಕೊಳ್ಳಿ ಅಂದಿದ್ದೆ, ಬರೆಸಿಕೊಂಡರು. ಇಂಥ ಸಾಲದಲ್ಲಿ ಒಂದು ಅಪಾಯ ಇದೆ. ಕಾರ್ಡ್ ಖಾಲಿ ಆಯಿತು ಅಂತ ಮತ್ತೆ ಉಜ್ಜಲು ಶುರು ಮಾಡಿದರೆ ಒಂದು ಸಾಲ ಇದ್ದದ್ದು ಎರಡಾಗುತ್ತದೆ. ಆನ್‌ಲೈನ್ ಅಂಗಡಿಗಳಲ್ಲಿ ಉಳಿಸಿಟ್ಟಿದ್ದ ಕಾರ್ಡ್ ನಂಬರನ್ನೆಲ್ಲ ನನ್ನ ಎದುರಿಗೇ ಕೂತು ಅಳಿಸಿದರು. ಲಿಮಿಟ್ ಕಡಿಮೆ ಮಾಡಲು ಬ್ಯಾಂಕಿಗೆ ಹೇಳಿದರು.

ಅವರ ಸಹೋದ್ಯೋಗಿಗಳು ಇದಕ್ಕಿಂತ ಸುಲಭದ ದಾರಿ ಹೇಳಿದ್ದರು, ಹಳೇ ಕಂಪನಿಯ ಪಿಎಫ್ (ಸಂಬಳದಲ್ಲಿ ಹಿಡಿದು ಕೂಡಿಡುವ ಭವಿಷ್ಯ ನಿಧಿ) ತೆಗೆದುಬಿಡು ಅಂತ. ಇದು ಪೂರ್ತಿ ತಪ್ಪು ಸಲಹೆ ಅನ್ನಲಾರೆ. ಶೇ 42ರ ಸಾಲ ತೀರಿಸಲು ಬೇರೆ ದಾರಿಯೇ ಇಲ್ಲದಿದ್ದರೆ ಅದನ್ನೂ ಯೋಚಿಸಬೇಕು. ಆದರೆ ಇವರಿಗೆ ದಾರಿ ಇತ್ತು. ಮೂರು ವರ್ಷ ಕೆಲಸ ಮಾಡಿದ್ದಕ್ಕೆ ಅಲ್ಲಿ ಸುಮಾರು 95 ಸಾವಿರ ಇದೆ. 15 ಸಾವಿರ ಸಂಬಳದ ಮಿತಿಗೆ ಪಿಎಫ್ ಹಿಡಿಯುವ ಕಂಪನಿಯಾದರೆ ನಮ್ಮ ಪಾಲು 1,800, ಕಂಪನಿ ಪಾಲಿನಲ್ಲಿ 1,250 ಪಿಂಚಣಿಗೆ ಹೋಗಿ ಮಿಕ್ಕ 550, ಹೀಗೆ ತಿಂಗಳಿಗೆ 2,350 ಜಮೆ ಆಗುತ್ತದೆ. 2024-25ಕ್ಕೆ ಬಡ್ಡಿ ಶೇ 8.25 ಇತ್ತು. ದರ ವರ್ಷ ವರ್ಷ ಬದಲಾಗುತ್ತದೆ, ಇದೇ ಇರುತ್ತದೆ ಅಂತ ಇಟ್ಟುಕೊಂಡರೆ, ಹೊಸ ಖಾತೆಗೆ ವರ್ಗಾಯಿಸಿ ಮುಟ್ಟದೆ ಬಿಟ್ಟ 95 ಸಾವಿರ 35 ವರ್ಷದಲ್ಲಿ ಹದಿನಾರು ಪಟ್ಟಾಗಿ 15 ಲಕ್ಷ ದಾಟುತ್ತದೆ. ಐದು ವರ್ಷ ತುಂಬುವ ಮುಂಚೆ ತೆಗೆದರೆ ತೆರಿಗೆಯೂ ಬೀಳುತ್ತದೆ. ಬೆಂಗಳೂರಿನಲ್ಲಿ ಎರಡು ವರ್ಷಕ್ಕೊಮ್ಮೆ ಕೆಲಸ ಬದಲಿಸಿ, ಪ್ರತಿ ಸಲ ಪಿಎಫ್ ತೆಗೆದು ಗೋವಾಕ್ಕೆ ಹೋಗಿಬರುವ ಹುಡುಗರನ್ನು ನೋಡುತ್ತಲೇ ಇರುತ್ತೇನೆ. ಎಸ್‌ಐಪಿ ಬಗ್ಗೆ ಅಷ್ಟು ಮಾತಾಡುವವರು ಇದರ ಬಗ್ಗೆ ಮಾತೇ ಆಡುವುದಿಲ್ಲ.

ಅಮ್ಮನಿಗೆ ಹೇಳಬೇಕೋ ಬೇಡವೋ ಅನ್ನುವುದಕ್ಕೆ ಲೆಕ್ಕಕ್ಕಿಂತ ಜಾಸ್ತಿ ಹೊತ್ತು ಹಿಡಿಯಿತು. ಹೇಳಲೇಬೇಕು ಅಂತ ನಾನು ಒತ್ತಾಯ ಮಾಡಲಿಲ್ಲ. ಯಾರಿಗಾದರೂ ಒಬ್ಬರಿಗೆ ಪೂರ್ತಿ ಮೊತ್ತ ಹೇಳಿ, ಮುಚ್ಚಿಟ್ಟ ಸಾಲ ನಿದ್ದೆಯನ್ನೇ ಮೊದಲು ತಿನ್ನುವುದು ಎಂದೆ ಅಷ್ಟೇ. ಹಬ್ಬಕ್ಕೆ ಊರಿಗೆ ಹೋದಾಗ ಹೇಳಿದರಂತೆ. ಅಮ್ಮ ಬೈದರು. ಸಾಲಕ್ಕಲ್ಲ, ಬಡ್ಡಿಗೆ. 'ಮೂರೂವರೆ ರೂಪಾಯಿನಾ? ನನ್ನ ಕೇಳಿದ್ರೆ ಸಂಘದಲ್ಲಿ ಒಂದು ರೂಪಾಯಿಗೆ ಕೊಡಿಸ್ತಿದ್ನಲ್ಲೇ ಪುಟ್ಟಿ!' ಊರಿಗೆ ಕಳಿಸುವ 5 ಸಾವಿರವನ್ನು ಸಾಲ ತೀರುವವರೆಗೆ 3 ಮಾಡು ಅಂತ ಅವರೇ ಹೇಳಿದರು. ಶ್ವೇತಾ ಒಪ್ಪಿಲ್ಲ, 4 ಕಳಿಸುತ್ತಿದ್ದಾರೆ.

ಎಸ್‌ಐಪಿಯನ್ನೂ ಪೂರ್ತಿ ನಿಲ್ಲಿಸಲಿಲ್ಲ. 500ಕ್ಕೆ ಇಳಿಸಿದರು. ಲೆಕ್ಕದ ಪ್ರಕಾರ ಅದೂ ಸಾಲಕ್ಕೇ ಹೋಗಬೇಕಿತ್ತು. ನಾನು ಬಿಟ್ಟೆ. ಅಷ್ಟರಿಂದ ಆ ಹುಡುಗಿಗೆ ಧೈರ್ಯ ಬರುವುದಾದರೆ ಇರಲಿ.

ಮುಂದೇನು ಅಂತಲೂ ಮಾತಾಡಿದ್ದೇವೆ. ಸಾಲ ತೀರಿದ ತಿಂಗಳಿಂದ ಆ 4,367 ಹಾಗೇ ಉಳಿತಾಯಕ್ಕೆ ತಿರುಗಬೇಕು, ಕೈಗೆ ಸಿಗಬಾರದು. ಯಾವ ಫಂಡ್ ಅಂತ ಹೇಳುವುದು ನನ್ನ ಕೆಲಸ ಅಲ್ಲ. ಆದರೆ ರೀಲ್ಸ್‌ನಲ್ಲಿ ತೋರಿಸುವ ಕೋಟಿಗೆ ಮರುಳಾಗಬೇಡಿ ಎಂದೆ. ತಿಂಗಳಿಗೆ 5 ಸಾವಿರ, ಶೇ 10ರಂತೆ 30 ವರ್ಷ ಕಟ್ಟಿದರೆ ಒಂದು ಕೋಟಿ 13 ಲಕ್ಷ ಆಗುವುದು ನಿಜ. ಹತ್ತು ವರ್ಷ ತಡ ಮಾಡಿದರೆ ಅದು 38 ಲಕ್ಷಕ್ಕೆ ಇಳಿಯುವುದೂ ನಿಜ. ಆದರೆ ಬೆಲೆಗಳು ವರ್ಷಕ್ಕೆ ಶೇ 6ರಂತೆ ಏರಿದರೆ ಆವತ್ತಿನ ಒಂದು ಕೋಟಿಗೆ ಇವತ್ತಿನ 17 ಲಕ್ಷದಷ್ಟೇ ಸಾಮಾನು ಬರುವುದು. ಬಡ್ಡಿಗೆ ಬಡ್ಡಿ ಬೆಳೆಯುವ ಹಾಗೆ ಬೆಲೆಯ ಮೇಲೆ ಬೆಲೆಯೂ ಬೆಳೆಯುತ್ತದೆ. ಸರ್ಕಾರದ ಉಳಿತಾಯ ಯೋಜನೆ ಪಿಪಿಎಫ್ ಬಗ್ಗೆ ಕೇಳಿದರು. ಶೇ 7.1, 15 ವರ್ಷ, ಅವಸರಕ್ಕೆ ಸಿಗದ ದುಡ್ಡು. ಹಾಕುವುದಾದರೆ ತಿಂಗಳ 5ರೊಳಗೆ ಹಾಕಿ, ಆಮೇಲೆ ಹಾಕಿದ್ದಕ್ಕೆ ಆ ತಿಂಗಳ ಬಡ್ಡಿ ಸಿಗುವುದಿಲ್ಲ.

ಈಗ ಸಾಲ ಅರ್ಧ ತೀರಿದೆ. ನಿದ್ದೆ ಸುಧಾರಿಸಿದೆ, ಪೂರ್ತಿ ಅಲ್ಲ. ಪಿಎಫ್ ವರ್ಗಾವಣೆ ಆಧಾರ್‌ನಲ್ಲಿ ಹೆಸರಿನ ಇನಿಷಿಯಲ್ ಹೊಂದದೆ ಸಿಕ್ಕಿಕೊಂಡಿದೆ, ಓಡಾಡುತ್ತಿದ್ದಾರೆ.

ಕಳೆದ ಸಲ ಬಂದಾಗ ತಮ್ಮನ ಬೈಕ್ ಸಾಲದ ಕಾಗದ ತಂದಿದ್ದರು. ಒಂದು ಲಕ್ಷ, ಶೇ 12, ಮೂರು ವರ್ಷ, ತಿಂಗಳಿಗೆ 3,778. 'ಇದು ಫ್ಲ್ಯಾಟ್ ರೇಟ್ ಅಲ್ವಾ ಮೇಡಂ? ಅಸಲು ಕಮ್ಮಿ ಆಗ್ತಾ ಬಂದ್ರೂ ಬಡ್ಡಿ ಮಾತ್ರ ಪೂರ್ತಿ ಲಕ್ಷಕ್ಕೇ ಹಾಕಿದ್ದಾರೆ' ಎಂದರು. ಹೌದು. ಉಳಿದ ಅಸಲಿಗಷ್ಟೇ ಬಡ್ಡಿ ಹಾಕುವ ಶೇ 12ರ ಸಾಲವಾದರೆ ಕಂತು 3,321. ಆ 3,778ರ ಹಿಂದೆ ಇರುವ ನಿಜವಾದ ದರ 21ರ ಮೇಲೆ. ಮೂರು ವರ್ಷಕ್ಕೆ 16 ಸಾವಿರದ ವ್ಯತ್ಯಾಸ. ಆ ತಮ್ಮ ಆಗಲೇ ಶೋರೂಮಿಗೆ 2 ಸಾವಿರ ಬುಕಿಂಗ್ ಕೊಟ್ಟಾಗಿದೆ. ಬೈಕ್ ಅಲ್ಲೇ ತಗೋ, ಸಾಲಕ್ಕೆ ಮಾತ್ರ ಬ್ಯಾಂಕಿಗೆ ಹೋಗಿ ಕೇಳಿಕೊಂಡು ಬಾ ಎಂದು ಶ್ವೇತಾ ಅವನನ್ನು ಕಳಿಸಿದ್ದಾರೆ.