ಒಂದು ರೀಲ್ಸ್, ಒಂದು ಕ್ಷಮಾಪಣೆ ಪತ್ರ

"ಮಗಳಿಗೆ ಮೊಬೈಲ್ ಹುಚ್ಚು, ಬಿಡಿಸಿ ಮೇಡಂ" ಎಂದು ಬರುವ ಅಪ್ಪ-ಅಮ್ಮಂದಿರು ಜಾಸ್ತಿಯಾಗಿದ್ದಾರೆ. ಕೆದಕಿದರೆ ಕೆಲವು ಮಕ್ಕಳಲ್ಲಿ ಹುಚ್ಚೇ ಇರುವುದಿಲ್ಲ. ಈ ಹುಡುಗಿಯದೂ ಹಾಗೆಯೇ. (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.) ಸರ್ಕಾರಿ ಶಾಲೆ, ಎಂಟನೇ ಕ್ಲಾಸು. ಶೌಚಾಲಯದಲ್ಲಿ ನೀರಿಲ್ಲ ಎಂದು ಇನ್‌ಸ್ಟಾಗ್ರಾಮ್‌ನಲ್ಲಿ ರೀಲ್ಸ್ ಹಾಕಿದ್ದಳು. ಶಾಲೆಯವರು ಕ್ಷಮಾಪಣೆ ಪತ್ರ ಬರೆಸಿಕೊಂಡರು. ಅಪ್ಪ ಮೊಬೈಲ್ ಕಿತ್ತಿಟ್ಟರು.

ಮೊದಲ ಸಲ ಅವಳು ಬಾಯಿ ಬಿಡಲಿಲ್ಲ. ಮುಂದಿನ ಸಲ, ಅಪ್ಪನ ಮೊಬೈಲಿಗೂ ಬಂದಿದ್ದ ಆ ವಿಡಿಯೊ ಹಾಕಿಸಿದೆ. ಒಣಗಿದ ನಲ್ಲಿ, ಬೋರಲು ಬಿದ್ದ ಬಕೆಟ್, ಮೂಗು ಮುಚ್ಚಿಕೊಂಡು ನಗುವ ಇಬ್ಬರು ಹುಡುಗಿಯರು. ಮೇಲೆ "ಒಂದು ವರ್ಷದಿಂದ ಹನಿ ನೀರಿಲ್ಲ" ಎಂಬ ಸಾಲು.

"ಒಂದು ವರ್ಷಾನಾ?"

"ಇಲ್ಲ ಮೇಡಂ. ಮೋಟರ್ ಸುಟ್ಟಿದ್ದು ದಸರಾ ರಜೆ ಆದ್ಮೇಲೆ. ಹಂಗೆ ಹಾಕಿದ್ರೆ ಯಾರು ನೋಡ್ತಾರೆ?"

ಆಮೇಲೆ ಅವಳೇ ಅಂದಳು: "ಪ್ರಶ್ನೆ ಕೇಳೋದು ನಾಗರಿಕರ ಹಕ್ಕು ಅಂತ ಸಮಾಜ ಪೇಪರಲ್ಲಿ ಬರೆದೆ, ಫುಲ್ ಮಾರ್ಕ್ಸ್ ಕೊಟ್ರು. ಕೇಳಿದ್ದಕ್ಕೆ ಕ್ಷಮಾಪಣೆ ಬರೆಸಿದ್ರು."

ವಿಡಿಯೊ ತೆಗಿ ಎಂದೆ. ಶಾಲೆಯ ಮರ್ಯಾದೆಗಾಗಿ ಅಲ್ಲ. ಆ ಇಬ್ಬರ ಮುಖ ಕಾಣುತ್ತಿತ್ತು, ಅವರನ್ನು ಇವಳು ಕೇಳಿರಲಿಲ್ಲ. ದೂರು ಮಾತ್ರ ಬಿಡಬೇಡ. ಮೋಟರ್ ಕೆಟ್ಟ ದಿನ, ಹುಡುಗಿಯರ ಸಂಖ್ಯೆ ಎಲ್ಲ ಸರಿಯಾಗಿ ಬರೆದು ಶಾಲಾಭಿವೃದ್ಧಿ ಸಮಿತಿಗೆ (ಎಸ್‌ಡಿಎಂಸಿ) ಕೊಡು, ಮಕ್ಕಳ ಗ್ರಾಮಸಭೆಯಲ್ಲಿ ಎದ್ದು ಓದು ಎಂದೆ. ಮಕ್ಕಳೇ ತಮ್ಮ ತೊಂದರೆ ಹೇಳಿಕೊಳ್ಳುವ ಈ ಸಭೆ ನಮ್ಮ ಪಂಚಾಯ್ತಿಗಳಲ್ಲಿ 2006ರಿಂದ ಇದೆ. ಕೆಲವು ಕಡೆ ಭಾಷಣ, ಬಿಸ್ಕತ್ತಿನಲ್ಲೇ ಮುಗಿಯುತ್ತದೆ, ಅದು ಬೇರೆ ಮಾತು.

ಮಕ್ಕಳನ್ನು ಎತ್ತಿಕಟ್ಟುತ್ತೀರಿ ಎಂದು ಮೇಷ್ಟ್ರೊಬ್ಬರು ನನ್ನನ್ನು ತರಾಟೆಗೆ ತೆಗೆದುಕೊಂಡರು. ಬಾಯಿ ಮುಚ್ಚಿಸಿದ ಮಕ್ಕಳು ಹೆಸರಿಲ್ಲದ ಅಕೌಂಟ್ ತೆರೆದು ಇನ್ನೂ ದೊಡ್ಡ ಸುಳ್ಳು ಹಾಕುವುದನ್ನು ನಾನು ನೋಡಿದ್ದೇನೆ. ಅಮೆರಿಕದ 15ರಿಂದ 27 ವರ್ಷದವರ ಬಗ್ಗೆ ಜೋಸೆಫ್ ಕಾನ್ ಮತ್ತು ಬೆಂಜಮಿನ್ ಬೋಯರ್ 2017ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದೆ. ನೆಟ್‌ನಲ್ಲಿ ಬಂದದ್ದು ನಿಜವೋ ಸುಳ್ಳೋ ತಿಳಿಯಲು ರಾಜಕೀಯ ಜ್ಞಾನ ನೆರವಾಗಲಿಲ್ಲ. ಮಾಧ್ಯಮವನ್ನು ಪರೀಕ್ಷಿಸಿ ನೋಡಲು ಕಲಿತದ್ದು ನೆರವಾಯಿತು. ಸಮಾಜ ಪುಸ್ತಕ ಬಾಯಿಪಾಠ ಮಾಡಿಸಿದರೆ ಸಾಲದು ಅಂತ ತಾನೇ ಅರ್ಥ?

"ಹೆಡ್‌ಮಾಸ್ಟರ್ ಮತ್ತೆ ಸಿಟ್ಟಾದರೆ?" ಎಂದರು ಅಪ್ಪ. ಎಸ್‌ಡಿಎಂಸಿಯಲ್ಲಿರುವವರೂ ನಿಮ್ಮಂಥ ಪೋಷಕರೇ, ಮೊಬೈಲ್ ವಾಪಸ್ ಕೊಡಿ, ಅರ್ಜಿಗೆ ಮೊದಲ ಸಹಿ ನಿಮ್ಮದೇ ಇರಲಿ ಎಂದೆ. ಮೊಬೈಲ್ ಕೊಟ್ಟಿದ್ದಾರೆ. ಸಹಿ ಇನ್ನೂ ಹಾಕಿಲ್ಲ.