ರಸ್ತೆ ಗೊತ್ತಿತ್ತು, ಪ್ರಶ್ನೆಯ ಮಾತು ಗೊತ್ತಿರಲಿಲ್ಲ

ಪ್ರಶ್ನೆ: ಅಕ್ಕಾ, ನಾನು ಅಂಗನವಾಡಿ ಸಹಾಯಕಿ. ವಯಸ್ಸು 43, ಓದಿದ್ದು ಎಂಟನೆಯ ತರಗತಿ. ಕೇಂದ್ರ ನಮ್ಮ ಮನೆಯಿಂದ ಏಳು ಕಿಲೋಮೀಟರ್ ದೂರ. ಬಸ್ಸು ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ನಡಿಗೆ. ಚೀಟಿ ಎತ್ತಿದ ಹಣದಲ್ಲಿ ಸ್ಕೂಟರ್ ಕೊಂಡೆ. ಓಡಿಸುವುದನ್ನು ಹೊಲದ ದಾರಿಯಲ್ಲಿ ತಮ್ಮ ಕಲಿಸಿದ್ದಾನೆ. ಎಲ್‌ಎಲ್‌ಆರ್, ಅಂದರೆ ಗಾಡಿ ಕಲಿಯುವವರ ಲೈಸೆನ್ಸಿನ ಪರೀಕ್ಷೆಗೆಂದು ಪುಸ್ತಕ ತಂದು ಒಂದು ತಿಂಗಳು ಬಾಯಿಪಾಠ ಮಾಡಿದೆ. ಆದರೂ ಎರಡು ಉತ್ತರ ಕಡಿಮೆಯಾಗಿ ಫೇಲಾದೆ. ‘ಹಿಂದಿಕ್ಕುವುದು’ ಎಂದರೆ ಗಾಡಿಯನ್ನು ಹಿಂದಕ್ಕೆ ತೆಗೆಯುವುದು ಎಂದುಕೊಂಡು ಉತ್ತರ ಒತ್ತಿದ್ದೆ. ಈಗ ಮಗ, ‘ಮನೆಯಲ್ಲಿಯೇ ಕಂಪ್ಯೂಟರಿನಲ್ಲಿ ಬರೆಯಬಹುದು, ನೀನು ಪಕ್ಕದಲ್ಲಿ ಕೂತಿರು, ನಾನು ಒತ್ತುತ್ತೇನೆ’ ಎನ್ನುತ್ತಾನೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ಆದರೆ ಇನ್ನೊಮ್ಮೆ ಫೇಲಾದರೆ ಊರಿನಲ್ಲಿ ಮುಖ ತೋರಿಸುವುದು ಹೇಗೆ?
– ಜಗಳೂರು ತಾಲ್ಲೂಕಿನ ಓದುಗರು

ಉತ್ತರ: ತಂಗೀ, ನಿಮ್ಮ ಪತ್ರದಲ್ಲಿ ಒಂದು ಸಾಲಿನ ಕೆಳಗೆ ಗೆರೆ ಎಳೆದಿಟ್ಟುಕೊಂಡಿದ್ದೇನೆ. ‘ಹಿಂದಿಕ್ಕುವುದು’ ಎಂಬ ಮಾತಿನ ಸಾಲು ಅದು. ನೀವು ಫೇಲಾದದ್ದು ರಸ್ತೆಯ ವಿಷಯದಲ್ಲಿ ಅಲ್ಲ, ಕನ್ನಡದ ವಿಷಯದಲ್ಲಿ. ದಾವಣಗೆರೆಯ ಡ್ರೈವಿಂಗ್ ಸ್ಕೂಲೊಂದರಲ್ಲಿ ಹತ್ತೊಂಬತ್ತು ವರ್ಷ ಹೆಂಗಸರಿಗೆ ಗಾಡಿ ಕಲಿಸಿದವಳು ನಾನು. ಇದೇ ಮಾತಿಗೆ ಎಡವಿದವರನ್ನು ಎಷ್ಟೋ ಜನರನ್ನು ನೋಡಿದ್ದೇನೆ. ಚನ್ನಗಿರಿ ಕಡೆಯ ಅಡಿಕೆ ತೋಟದ ಯಜಮಾನರೊಬ್ಬರು ಮೂವತ್ತು ವರ್ಷ ಟ್ರ್ಯಾಕ್ಟರ್ ಕಂಡವರು. ಅವರೂ ಅಲ್ಲಿಯೇ ಎಡವಿದರು. ನಾವೆಲ್ಲ ಓವರ್‌ಟೇಕ್ ಎನ್ನುತ್ತೇವೆ. ಪರೀಕ್ಷೆ ಹಿಂದಿಕ್ಕುವುದು ಎನ್ನುತ್ತದೆ. ನಮ್ಮ ಮುಂದೆ ಹೋಗುತ್ತಿರುವ ಗಾಡಿಯನ್ನು ಹಿಂದೆ ಬಿಟ್ಟು ಮುಂದೆ ಹೋಗುವುದು ಎಂದು ಅರ್ಥ. ಇಷ್ಟು ತಿಳಿದರೆ ಸಾಕು, ಉಳಿದದ್ದು ನಿಮಗೆ ಗೊತ್ತೇ ಇದೆ. ತಿರುವಿನಲ್ಲಿ, ದಿಬ್ಬದ ನೆತ್ತಿಯಲ್ಲಿ, ಕಿರಿದಾದ ಸೇತುವೆಯ ಮೇಲೆ ಮುಂದಿನ ಗಾಡಿಯನ್ನು ದಾಟಬಾರದು ಎಂದು ಬಸ್ಸಿನ ಕಿಟಕಿಯಲ್ಲಿ ಕೂತು ಎದೆ ಹಿಡಿದುಕೊಂಡ ಯಾವ ಹೆಂಗಸಿಗೆ ಗೊತ್ತಿಲ್ಲ? ದಾಟುವುದು ಬಲಗಡೆಯಿಂದ. ಮುಂದಿನವನು ಬಲಕ್ಕೆ ತಿರುಗುತ್ತೇನೆಂದು ಸೂಚನೆ ಕೊಟ್ಟು ರಸ್ತೆಯ ನಡುವಿಗೆ ಸರಿದಿದ್ದರೆ ಮಾತ್ರ ಎಡಗಡೆಯಿಂದ.

ಆದ್ದರಿಂದ ಆ ಬಾಯಿಪಾಠದ ಪುಸ್ತಕವನ್ನು ಸದ್ಯಕ್ಕೆ ಮುಚ್ಚಿಡಿ. ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಪುಟದ ನಡುವೆ ಗೆರೆ ಎಳೆದು ಎಡಗಡೆ ಪರೀಕ್ಷೆಯ ಮಾತು, ಬಲಗಡೆ ನಿಮ್ಮ ಮನೆಯ ಮಾತು ಬರೆಯಿರಿ. ಪಾದಚಾರಿ ಎಂದರೆ ನಡೆದು ಹೋಗುವವರು. ಆದ್ಯತೆ ಎಂದರೆ ಮೊದಲು ಹೋಗುವ ಹಕ್ಕು. ಏಕಮುಖ ಸಂಚಾರ ಎಂದರೆ ಒನ್ ವೇ. ಕೂಡುರಸ್ತೆ ಎಂದರೆ ದಾರಿಗಳು ಸೇರುವ ಜಾಗ. ‘ನಿಲುಗಡೆ’ ಮತ್ತು ‘ನಿಲ್ಲಿಸುವುದು’ ನೋಡುವುದಕ್ಕೆ ಅಕ್ಕತಂಗಿಯರಂತೆ ಇರುತ್ತವೆ, ಆದರೆ ಬೇರೆ ಬೇರೆ. ನಿಲುಗಡೆ ಎಂದರೆ ಪಾರ್ಕಿಂಗ್. ಗಾಡಿ ನಿಲ್ಲಿಸಿ ಕೆಲಸಕ್ಕೆ ಹೋಗುವುದು. ಕೆಂಪು ಅಂಚಿನ ನೀಲಿ ವೃತ್ತದ ಮೇಲೆ ಒಂದೇ ಅಡ್ಡಗೆರೆ ಇದ್ದರೆ ನಿಲುಗಡೆ ಇಲ್ಲ. ಎರಡು ಗೆರೆ ಕತ್ತರಿಯಂತೆ ಹಾಯ್ದಿದ್ದರೆ ಅಲ್ಲಿ ಒಂದು ಕ್ಷಣವೂ ನಿಲ್ಲಿಸುವಂತಿಲ್ಲ.

ಇನ್ನೊಂದು ವಿಷಯವನ್ನು ಬಹಳ ಒತ್ತಿ ಹೇಳುತ್ತೇನೆ. ಕನ್ನಡದ ವಾಕ್ಯದಲ್ಲಿ ಕೊನೆಯ ಪದವೇ ಯಜಮಾನ. ‘ಸೇತುವೆಯ ಮೇಲೆ ಮುಂದಿನ ವಾಹನವನ್ನು ಹಿಂದಿಕ್ಕ...’ ಎಂಬಲ್ಲಿಯವರೆಗೆ ಓದಿ ಬೆರಳು ಒತ್ತಿದರೆ ಕೆಟ್ಟಿತು. ಬಹುದು ಇದೆಯೋ, ಬಾರದು ಇದೆಯೋ, ಅದು ಕಟ್ಟಕಡೆಯಲ್ಲಿ ಇರುತ್ತದೆ. ಪ್ರತಿ ಪ್ರಶ್ನೆಗೂ ಇಷ್ಟೇ ಸಮಯ ಎಂದು ಗಡಿಯಾರ ಓಡುತ್ತಿರುವಾಗ ಅವಸರದಲ್ಲಿ ಎಲ್ಲರೂ ಮೊದಲರ್ಧ ಮಾತ್ರ ಓದುತ್ತಾರೆ. ನಾನು ಕಲಿಸಿದ ಹುಡುಗಿಯರಿಗೆಲ್ಲ ಮೊದಲು ಬಾಲ ನೋಡಿ, ಆಮೇಲೆ ತಲೆ ನೋಡಿ ಎನ್ನುತ್ತಿದ್ದೆ. ಕೂಡದು, ಬೇಕು, ನಿಷೇಧ, ಕಡ್ಡಾಯ – ಈ ನಾಲ್ಕು ಪದಗಳು ಕಣ್ಣಿಗೆ ಬಿದ್ದ ಮೇಲೆ ಉಳಿದ ವಾಕ್ಯವನ್ನು ನಿಧಾನವಾಗಿ ಓದುವುದಕ್ಕೂ ಸಮಯ ಸಾಕಾಗುತ್ತದೆ.

ಚಿಹ್ನೆಗಳನ್ನು ಪುಸ್ತಕದಲ್ಲಿ ಕಲಿಯಬೇಡಿ. ಜಗಳೂರಿನಿಂದ ದಾವಣಗೆರೆಗೆ ಬರುವ ದಿನ ಬಸ್ಸಿನಲ್ಲಿ ಚಾಲಕರ ಹಿಂದಿನ ಸೀಟು ಹಿಡಿಯಿರಿ. ಎದುರಿಗೆ ಬರುವ ಪ್ರತಿ ಫಲಕದ ಹೆಸರನ್ನು ಬಾಯಿಯೊಳಗೇ ಹೇಳಿಕೊಳ್ಳಿ. ಮೊದಲು ಆಕಾರ, ಆಮೇಲೆ ಚಿತ್ರ. ಕೆಂಪು ಅಂಚಿನ ವೃತ್ತ ಆಜ್ಞೆ, ಮೀರುವಂತಿಲ್ಲ. ಕೆಂಪು ಅಂಚಿನ ತ್ರಿಕೋನ ಎಚ್ಚರಿಕೆ, ಮುಂದೇನೋ ಇದೆ. ನೀಲಿ ಚೌಕ ಅಥವಾ ಆಯತವಿದ್ದರೆ ಆಸ್ಪತ್ರೆಯೋ ಪೆಟ್ರೋಲ್ ಬಂಕೋ ಹತ್ತಿರವಿದೆ ಎಂಬ ಮಾಹಿತಿ. ಎಂಟು ಮೂಲೆಯ ಕೆಂಪು ಫಲಕ ‘ನಿಲ್ಲಿ’. ತಲೆಕೆಳಗಾದ ತ್ರಿಕೋನ ‘ದಾರಿ ಬಿಡಿ’. ಇವೆರಡಕ್ಕೆ ಮಾತ್ರ ಬೇರೆ ಆಕಾರ ಕೊಟ್ಟಿರುವುದು ಮಣ್ಣು ಮೆತ್ತಿಕೊಂಡು ಅಕ್ಷರ ಮಾಸಿದ್ದರೂ ಗುರುತು ಸಿಗಲಿ ಎಂದು. ದಾವಣಗೆರೆಯಲ್ಲಿ ಇಳಿದ ಮೇಲೆ ಜಯದೇವ ವೃತ್ತದ ಬಳಿ ಒಂದು ಹತ್ತು ನಿಮಿಷ ನಿಂತು ನೋಡಿ. ವೃತ್ತದೊಳಗೆ ಆಗಲೇ ಸುತ್ತುತ್ತಿರುವ ಗಾಡಿಗೆ ಮೊದಲ ಹಕ್ಕು, ಹೊರಗಿನಿಂದ ಬರುವವರು ಕಾಯಬೇಕು. ಇದು ಪರೀಕ್ಷೆಯ ಉತ್ತರ. ಎಷ್ಟು ಜನ ಹಾಗೆ ಕಾಯುತ್ತಾರೆ ಎಂಬುದನ್ನೂ ಎಣಿಸಿ, ಉತ್ತರ ಜನ್ಮದಲ್ಲಿ ಮರೆಯುವುದಿಲ್ಲ. ಚಿತ್ರದುರ್ಗದ ಜೋಗಿಮಟ್ಟಿಗೆ ಹೋದವರಿಗೆ ಇನ್ನೊಂದು ಪ್ರಶ್ನೆ ಸುಲಭ. ಇಕ್ಕಟ್ಟಾದ ಏರುದಾರಿಯಲ್ಲಿ ಮೇಲೇರುವ ಗಾಡಿಗೆ ಇಳಿಯುವವರು ದಾರಿ ಬಿಡಬೇಕು. ಏರಿನಲ್ಲಿ ನಿಂತ ಗಾಡಿಯನ್ನು ಮತ್ತೆ ಎಳೆಯುವ ಕಷ್ಟ ಎಷ್ಟೆಂದು ಅಲ್ಲಿ ಒಮ್ಮೆ ಕಂಡರೆ ಸಾಕು.

ಎಲ್‌ಎಲ್‌ಆರ್ ಪರೀಕ್ಷೆಯಲ್ಲಿ ಏನು ಕೇಳಬೇಕು ಎಂಬುದನ್ನು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 11ನೇ ನಿಯಮ ಹೇಳುತ್ತದೆ. ಸಂಚಾರ ಚಿಹ್ನೆ ಮತ್ತು ರಸ್ತೆ ನಿಯಮಗಳು, ಅಪಘಾತವಾದಾಗ ಚಾಲಕರ ಕರ್ತವ್ಯ, ಕಾವಲಿಲ್ಲದ ರೈಲ್ವೆ ದಾಟುವಲ್ಲಿ ವಹಿಸಬೇಕಾದ ಎಚ್ಚರ, ಗಾಡಿಯಲ್ಲಿ ಜೊತೆಗಿರಬೇಕಾದ ಕಾಗದಪತ್ರ. ನೂರಕ್ಕೆ ಅರವತ್ತು ಸರಿಯಿದ್ದರೆ ಪಾಸು. ರೈಲ್ವೆ ದಾಟುವ ಪ್ರಶ್ನೆ ನಿಮ್ಮನ್ನು ಗಲಿಬಿಲಿಗೊಳಿಸಿರಬಹುದು. ಏಕೆಂದರೆ ನಮಗೆ ಗೊತ್ತಿರುವುದು ಗೇಟ್ ಹಾಕಿದ ದಾಟು. ದಾವಣಗೆರೆಯ ಅಶೋಕ ಟಾಕೀಸ್ ಬಳಿಯ ಗೇಟಿನಲ್ಲಿ ಕಾದು ನಿಂತವರು ನನ್ನ ಕಾಲದಲ್ಲಿ ಇಡೀ ಊರೇ. ಬ್ರಾಡ್‌ಗೇಜ್ ಮಾರ್ಗಗಳಲ್ಲಿದ್ದ ಕಾವಲಿಲ್ಲದ ದಾಟುಗಳನ್ನು 2019ರ ಜನವರಿ ಹೊತ್ತಿಗೆ ತೆಗೆದುಹಾಕಿದ್ದಾರೆ. ಆದರೂ ಮೋಟಾರು ವಾಹನ ಕಾಯ್ದೆಯ 131ನೇ ಕಲಂ ಇದೆ, ಪ್ರಶ್ನೆಯೂ ಇದೆ. ಅದರ ಉತ್ತರ ನನಗೆ ಬಹಳ ಇಷ್ಟ. ಗಾಡಿ ನಿಲ್ಲಿಸಬೇಕು. ಕಂಡಕ್ಟರೋ ಕ್ಲೀನರೋ ಇದ್ದರೆ ಅವರು ಇಳಿದು ಹಳಿಯವರೆಗೆ ನಡೆದು ಎರಡೂ ಕಡೆ ನೋಡಿ ಗಾಡಿಯನ್ನು ದಾಟಿಸಬೇಕು. ಯಾರೂ ಇಲ್ಲದಿದ್ದರೆ ಓಡಿಸುವವರೇ ಇಳಿದು ನೋಡಬೇಕು. ಲಾರಿ ಓಡಿಸುತ್ತಿದ್ದ ನನ್ನ ತಂದೆ ಕ್ಲೀನರನ್ನು ಹಾಗೆ ಮುಂದೆ ಕಳುಹಿಸಿ, ಅವನ ಕೈಯ ಕೆಂಪು ಟವೆಲ್ ಆಡುವವರೆಗೂ ಬ್ರೇಕಿನ ಮೇಲಿನ ಕಾಲು ತೆಗೆಯುತ್ತಿರಲಿಲ್ಲ. ಕಾನೂನು ಓದಿ ಅಲ್ಲ, ಹೆಂಡತಿ ಮಕ್ಕಳನ್ನು ನೆನೆದು.

ಅಪಘಾತದ ಪ್ರಶ್ನೆಗೂ ಹಾಗೆಯೇ. ಗಾಯಗೊಂಡವರನ್ನು ಬಿಟ್ಟು ಓಡಬಾರದು, ಚಿಕಿತ್ಸೆಗೆ ಸೇರಿಸಬೇಕು, ಪೊಲೀಸರಿಗೆ ತಿಳಿಸಬೇಕು. ಓಡಿಹೋಗಿ ವಕೀಲರನ್ನು ಕಾಣುವುದು ಎಂಬಂಥ ಆಯ್ಕೆ ಇದ್ದರೆ ಅದರ ಕಡೆ ನೋಡಲೂಬೇಡಿ.

ಈಗ ಮಗನ ಮಾತು. ಬೇಡ ತಂಗಿ. ನಿಮ್ಮ ಮನಸ್ಸು ಒಪ್ಪದಿರುವುದು ಸರಿಯಾಗಿಯೇ ಇದೆ. ಬೇರೆಯವರು ಬರೆದ ಪರೀಕ್ಷೆ ವಂಚನೆ ಎಂಬುದು ಒಂದು. ಅದಕ್ಕಿಂತ ನನ್ನನ್ನು ಕಾಡುವುದು ಬೇರೆ. ಕೊಯ್ಲಿನ ಕಾಲದಲ್ಲಿ ನಿಮ್ಮ ಕಡೆಯ ರಸ್ತೆಯ ಅರ್ಧ ಭಾಗಕ್ಕೆ ಮೆಕ್ಕೆಜೋಳ ಹರಡಿರುತ್ತಾರೆ. ಕತ್ತಲಾದ ಮೇಲೆ ರಾಶಿಯ ಸುತ್ತ ಇಟ್ಟ ಕಲ್ಲುಗಳು ಕಾಣುವುದಿಲ್ಲ. ಎದುರಿಗೆ ಲಾರಿಯೊಂದು ಪೂರ್ತಿ ಬೆಳಕು ಬಿಟ್ಟುಕೊಂಡು ಬರುತ್ತದೆ. ಆ ಹೊತ್ತಿಗೆ ಮೊದಲು ವೇಗ ತಗ್ಗಿಸಬೇಕು ಎಂಬುದು ನಿಮ್ಮ ಕೈಗೆ ಬರಬೇಕು. ಆಗ ಮಗ ಪಕ್ಕದಲ್ಲಿ ಕೂತು ಒತ್ತುವುದಕ್ಕೆ ಆಗುವುದಿಲ್ಲ. ಅವನಿಗೆ ಬೇರೆ ಕೆಲಸ ಕೊಡಿ. ರಾತ್ರಿ ಊಟದ ನಂತರ ಇಪ್ಪತ್ತು ನಿಮಿಷ ಅವನು ಪ್ರಶ್ನೆ ಓದಲಿ, ನೀವು ಆಯ್ಕೆಗಳನ್ನು ನೋಡದೆ ನಿಮ್ಮ ಮಾತಿನಲ್ಲಿ ಉತ್ತರ ಹೇಳಿ. ಹತ್ತು ದಿನ ಸಾಕು. ಪುಸ್ತಕದಲ್ಲಿ ಉತ್ತರ ಎರಡನೆಯದೋ ಮೂರನೆಯದೋ ಎಂದು ನೆನಪಿಟ್ಟುಕೊಳ್ಳುವ ಅಭ್ಯಾಸವೂ ಇದರಿಂದ ಬಿಟ್ಟುಹೋಗುತ್ತದೆ. ಪರೀಕ್ಷೆ ಶುರುವಾಗುವ ಮೊದಲು ಭಾಷೆ ಕನ್ನಡ ಎಂದು ಆರಿಸಿಕೊಂಡಿದ್ದೀರಾ ಎಂದು ನೋಡಿಕೊಳ್ಳಿ.

ಮರುಪರೀಕ್ಷೆಗೆ ಕೇಂದ್ರ ನಿಯಮದಲ್ಲಿರುವ ಶುಲ್ಕ 50 ರೂಪಾಯಿ. ಊರಿನವರ ಮಾತಿಗೆ ಅಂಜಬೇಡಿ. ಚೀಟಿ ಎತ್ತಿ ಗಾಡಿ ಕೊಂಡ ಹೆಂಗಸು ನೀವು. ಪಾಸಾದ ದಿನ ನನಗೆ ಒಂದು ಕಾರ್ಡು ಬರೆಯಿರಿ, ಕಾಯುತ್ತಿರುತ್ತೇನೆ.

ಪ್ರಶ್ನೆ: ನಾನು ದ್ವಿತೀಯ ಪಿಯುಸಿ ವಿದ್ಯಾರ್ಥಿ, ವಯಸ್ಸು 17. ಹದಿನಾರು ತುಂಬಿದರೆ ಗೇರ್ ಇಲ್ಲದ ಗಾಡಿಗೆ ಎಲ್‌ಎಲ್‌ಆರ್ ಸಿಗುತ್ತದೆ ಎಂದು ಗೆಳೆಯರು ಹೇಳುತ್ತಾರೆ. ಮನೆಯಲ್ಲಿ ಅಪ್ಪನ 110 ಸಿಸಿ ಸ್ಕೂಟರ್ ಇದೆ. ಟ್ಯೂಷನ್ನಿಗೆ ತೆಗೆದುಕೊಂಡು ಹೋಗಬಹುದೇ?
– ಹಿರಿಯೂರಿನ ಓದುಗ

ಉತ್ತರ: ಹೋಗಬಾರದು ಮಗು. ಗೆಳೆಯರು ಅರ್ಧ ಹೇಳಿದ್ದಾರೆ. ಹದಿನಾರರ ಅವಕಾಶ ಇರುವುದು 50 ಸಿಸಿ ಮೀರದ, ಗೇರ್ ಇಲ್ಲದ ಗಾಡಿಗೆ ಮಾತ್ರ, ಅದೂ ಪೋಷಕರ ಒಪ್ಪಿಗೆಯ ಮೇಲೆ. ಅಪ್ಪನ ಸ್ಕೂಟರಿಗೆ ಗೇರ್ ಇಲ್ಲ, ನಿಜ. ಆದರೆ 110 ಸಿಸಿ ಎಂದರೆ ಅದಕ್ಕೆ ಹದಿನೆಂಟು ತುಂಬಲೇಬೇಕು.

ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಏನಿದೆ ಎಂದು ನೀವೂ ಅಪ್ಪನೂ ಒಟ್ಟಿಗೆ ಕೂತು ಓದಿ. ಅಪ್ರಾಪ್ತರು ಗಾಡಿ ಓಡಿಸಿ ಅಪರಾಧವಾದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆವಾಸ. ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು. ನಿಮಗೆ 25 ವರ್ಷ ತುಂಬುವವರೆಗೆ ಎಲ್‌ಎಲ್‌ಆರ್ ಕೂಡ ಸಿಗುವುದಿಲ್ಲ. ಒಂದು ವರ್ಷ ಉಳಿಸಲು ಹೋಗಿ ಎಂಟು ವರ್ಷ ಕಳೆದುಕೊಳ್ಳುವ ಲೆಕ್ಕ ಇದು. ನಿಮ್ಮ ಊರಿನ ಮಗ್ಗುಲಲ್ಲಿಯೇ ರಾಷ್ಟ್ರೀಯ ಹೆದ್ದಾರಿ 48 ಹಾದುಹೋಗುತ್ತದೆ. ಅಲ್ಲಿ ಲಾರಿಗಳು ಯಾವ ವೇಗದಲ್ಲಿ ಹೋಗುತ್ತವೆ ಎಂದು ನಾನು ಹೇಳಬೇಕಾಗಿಲ್ಲ. ಸೈಕಲ್ಲಿನಲ್ಲಿ ಹೋಗಿ. ಹದಿನೆಂಟು ತುಂಬಿದ ಮರುದಿನವೇ ಅರ್ಜಿ ಹಾಕಿ.

ಪ್ರಶ್ನೆ: ನನಗೆ ಕಾರಿನ ಎಲ್‌ಎಲ್‌ಆರ್ ಬಂದಿದೆ. ಯಜಮಾನರು ಇಪ್ಪತ್ತು ವರ್ಷದಿಂದ ಬೈಕ್ ಓಡಿಸುತ್ತಾರೆ, ಡಿಎಲ್ (ಪೂರ್ಣ ಲೈಸೆನ್ಸ್) ಇದೆ. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಭ್ಯಾಸ ಮಾಡಬಹುದೇ? ಎಲ್ ಬೋರ್ಡನ್ನು ಹಿಂದಿನ ಗಾಜಿಗೆ ಮಾತ್ರ ಅಂಟಿಸಿದರೆ ಸಾಕೇ?
– ಹರಿಹರದ ಓದುಗರು

ಉತ್ತರ: ಎರಡಕ್ಕೂ ಇಲ್ಲ ಎಂದೇ ಹೇಳಬೇಕು. ಪಕ್ಕದಲ್ಲಿ ಕೂರುವವರಿಗೆ ನೀವು ಕಲಿಯುತ್ತಿರುವ ಗಾಡಿಯದೇ ಚಾಲ್ತಿಯಲ್ಲಿರುವ ಲೈಸೆನ್ಸ್ ಇರಬೇಕು ಮತ್ತು ಗಾಡಿಯನ್ನು ತಡೆದು ನಿಲ್ಲಿಸುವಂತೆ ಅವರು ಕೂತಿರಬೇಕು. ಬೈಕಿನ ಡಿಎಲ್ ಕಾರಿಗೆ ಬರುವುದಿಲ್ಲ. ಯಜಮಾನರ ಕಾರ್ಡು ತೆಗೆದು ಅದರಲ್ಲಿ ಯಾವ ಯಾವ ವರ್ಗ ನಮೂದಾಗಿದೆ ನೋಡಿ. ಎಲ್‌ಎಂವಿ, ಅಂದರೆ ಕಾರಿನಂಥ ಹಗುರ ವಾಹನದ ವರ್ಗ, ಇಲ್ಲದಿದ್ದರೆ ಅವರು ಹಿಂದಿನ ಸೀಟಿನಲ್ಲಿ ಕೂರಲಿ, ಮುಂದೆ ಲೈಸೆನ್ಸ್ ಇರುವ ತಮ್ಮನೋ ಅಣ್ಣನೋ ಇರಲಿ. ಅಥವಾ ಯಜಮಾನರೂ ಎಲ್‌ಎಲ್‌ಆರ್ ಮಾಡಿಸಿ ನಿಮ್ಮ ಜೊತೆ ಕಲಿಯಲಿ. ಹಾಗೆ ಒಟ್ಟಿಗೆ ಕಲಿತ ದಂಪತಿಗಳು ನನ್ನಲ್ಲಿ ಹಲವರು ಇದ್ದರು. ಜಗಳ ಕಡಿಮೆಯಾಗುತ್ತಿತ್ತು.

ಎಲ್ ಬೋರ್ಡು ಹಿಂದೆಯೂ ಮುಂದೆಯೂ ಬೇಕು. ಹದಿನೆಂಟು ಸೆಂಟಿಮೀಟರ್ ಚೌಕದ ಬಿಳಿ ಹಲಗೆ, ಅದರ ಮೇಲೆ ಕನಿಷ್ಠ ಹತ್ತು ಸೆಂಟಿಮೀಟರ್ ಎತ್ತರದ ಕೆಂಪು ಅಕ್ಷರ. ಅಂಗಡಿಯಲ್ಲಿ ಸಿಗುವ ಸಣ್ಣ ಸ್ಟಿಕ್ಕರುಗಳು ಈ ಅಳತೆಗೆ ಬರುವುದಿಲ್ಲ, ಸ್ಕೇಲ್ ಹಿಡಿದು ನೋಡಿ ಕೊಳ್ಳಿ. ಎಲ್‌ಎಲ್‌ಆರ್ ಬಂದು ಮೂವತ್ತು ದಿನ ಕಳೆದ ಮೇಲೆ ಡಿಎಲ್ ಪರೀಕ್ಷೆಗೆ ಹೋಗಬಹುದು, ಎಲ್‌ಎಲ್‌ಆರ್ ಅವಧಿ ಆರು ತಿಂಗಳು. ಮೂವತ್ತೊಂದನೆಯ ದಿನಕ್ಕೆ ಆತುರಪಡಬೇಡಿ. ಬೆಳಿಗ್ಗೆ ಆರು ಗಂಟೆಗೆ ಊರೊಳಗಿನ ಖಾಲಿ ರಸ್ತೆಯಲ್ಲಿ ಕ್ಲಚ್ ಹದವಾಗಲಿ. ತುಂಗಭದ್ರೆಯ ಸೇತುವೆಯ ಮೇಲೆ ಹೋಗುವುದು ಆಮೇಲೆ.