ಲೂರ್ದು ಮಾತೆಯ ಪಾದದ ಗುಲಾಬಿ

ಲೂರ್ದು ಮಾತೆಯ, ಅಂದರೆ ಯೇಸುವಿನ ತಾಯಿ ಮರಿಯಳ, ಪ್ರತಿಮೆಯ ಪಾದಗಳ ಮೇಲೆ ಹಳದಿ ಗುಲಾಬಿ ಯಾಕೆ ಅಂತ ಕೇಳಿದ್ದೀರಿ. ಅದು ಶಿಲ್ಪಿಯ ಕಲ್ಪನೆಯಲ್ಲ. 1858ರ ಫೆಬ್ರವರಿ 11ರಂದು ಫ್ರಾನ್ಸಿನ ಲೂರ್ದಿನಲ್ಲಿ ಸೌದೆ ಆರಿಸಲು ಹೋಗಿದ್ದ 14 ವರ್ಷದ ಬೆರ್ನಾದೆತ್, ಗವಿಯಲ್ಲಿ ಕಂಡ ಬಿಳಿಯುಡುಗೆಯ ಹೆಣ್ಣುಮಗಳ ಎರಡೂ ಪಾದಗಳ ಮೇಲೆ ಒಂದೊಂದು ಹಳದಿ ಗುಲಾಬಿ ಇತ್ತು ಅಂತ ಹೇಳಿದಳು. ಆ ಹೆಣ್ಣುಮಗಳ ಕೈಯಲ್ಲಿದ್ದ ಜಪಸರದ ಸರಪಳಿಯ ಬಣ್ಣವೂ ಅದೇ ಅಂತೆ! ನನಗೆ ತುಂಬಾ ಹಿಡಿಸಿದ್ದು ಈ ವಿವರವೇ. ಯಾಕೆಂದರೆ ಜಪಸರಕ್ಕೆ ಲ್ಯಾಟಿನ್ನಿನಲ್ಲಿ ‘ರೊಸಾರಿಯುಮ್’ ಅನ್ನುತ್ತಾರೆ, ಅಂದರೆ ಗುಲಾಬಿ ತೋಟ. ಜಪಸರದ ಮಣಿ ಎಣಿಸುತ್ತಾ ಹೇಳುವ ಒಂದೊಂದು ‘ನಮೋ ಮರಿಯ’ ಪ್ರಾರ್ಥನೆಯೂ ತಾಯಿಗೆ ಏರಿಸಿದ ಒಂದೊಂದು ಹೂ. ಮಾತೆಯ ಸ್ತುತಿಮಾಲೆಯಲ್ಲೂ ಅವಳನ್ನು ‘ರೋಸಾ ಮಿಸ್ತಿಕಾ’, ಅಂದರೆ ನಿಗೂಢ ಗುಲಾಬಿ ಅಂತ ಕರೆಯುತ್ತಾರೆ. ಮುಂದಿನ ಸಲ ಮಾತೆಯ ಪ್ರತಿಮೆ ಇರುವ ಗವಿಯ ಮುಂದೆ ನಿಂತಾಗ ಮೊದಲು ಪಾದ ನೋಡಿ, ಆಮೇಲೆ ಕೈಯಲ್ಲಿರುವ ಜಪಸರ ನೋಡಿ.